ಹದಿನೇಳನೆಯ ಬಿಲ್ಲೆ

ಮೊಳೆಹಲಗೆಯ ಮೇಲೆ ಫ್ಲೆಕ್ಸು ಹೊಡೆಯಲು ಬಂದವನ ಕೈಯಿಂದ, ಆಸ್ಪತ್ರೆಯ ಬಾಗಿಲು ಕಾಯುವ ನಾಗಿ ಸುತ್ತಿಗೆ ಕಿತ್ತುಕೊಂಡಳು.

"ಈ ಹಲಗೆ ಮುಟ್ಟಿದ್ರೆ ನೋಡು ಮತ್ತೆ. ನಿನ್ನ ಫ್ಲೆಕ್ಸು ಹೊರಗೆ ಮರಕ್ಕೆ ಕಟ್ಟು. ಬೇಕಾದ್ರೆ ನಿನ್ನ ತಲೆಗೇ ಕಟ್ಕ."

ಅವನು ಸುಭಾಷ ಹೆಗಡೆಯ ಮುಖ ನೋಡಿದ. ಸುಭಾಷ ಆಸ್ಪತ್ರೆಯ ಟ್ರಸ್ಟಿನ ಕಾರ್ಯದರ್ಶಿ. ಬೆಳಗಿನ ಆರರಿಂದ ಅವನ ಕಿವಿಯಿಂದ ಫೋನು ಇಳಿದಿರಲಿಲ್ಲ. ಮರಕ್ಕೇ ಕಟ್ಟು ಎಂದು ಕೈಸನ್ನೆ ಮಾಡಿ ಅತ್ತ ತಿರುಗಿದ. ಫ್ಲೆಕ್ಸಿನಲ್ಲಿ ತೀರಿಕೊಂಡ ಡಾಕ್ಟರರ ಮುಖ ಅಂಗೈಯಷ್ಟಿತ್ತು, ಬರಲಿರುವ ಮಂತ್ರಿಯ ಮುಖ ಮೊರದಷ್ಟು. ಕೆಳಗಿನ ಮೂಲೆಯಲ್ಲಿ ಕೈಮುಗಿದು ನಿಂತ ಸುಭಾಷನೂ ಇದ್ದ, ತೀರಿಕೊಂಡವನು ತಾನೇ ಎಂಬ ಮುಖ ಮಾಡಿಕೊಂಡು.

ಡಾಕ್ಟರ್ ಹ್ಯೂ ಮಾರ್ಲೆಂಡ್ ಹಿಂದಿನ ದಿನ ಸಂಜೆ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಇಸಳೂರಿನ ಈ ಆಸ್ಪತ್ರೆಯಲ್ಲೇ ಪ್ರಾಣ ಬಿಟ್ಟಿದ್ದರು. ಲಂಡನ್ನಿನ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು, ಮಂಗನ ಕಾಯಿಲೆಯ ಬೆನ್ನು ಹತ್ತಿ ಮೂವತ್ತೊಂದನೆಯ ವಯಸ್ಸಿಗೆ ಇಲ್ಲಿಗೆ ಬಂದವರು ವಾಪಸು ಹೋಗಲಿಲ್ಲ. ಕಾಡಿನ ಉಣ್ಣಿಯ ಬಗ್ಗೆ, ಅದು ಕಚ್ಚಿ ಬರುವ ಜ್ವರದ ಬಗ್ಗೆ ಅವರು ಬರೆದ ಪುಸ್ತಕವನ್ನು ಹೊರದೇಶದ ಕಾಲೇಜುಗಳಲ್ಲಿ ಓದಿಸುತ್ತಾರಂತೆ. ಇಲ್ಲಿಯವರಿಗೆ ಆ ಪುಸ್ತಕ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಬೆಂಚು.

ಆಸ್ಪತ್ರೆಯ ಜಗಲಿಯ ಉದ್ದಕ್ಕೂ ಒಂದು ಹಲಸಿನ ಬೆಂಚು. ಬಾಗಿಲ ಪಕ್ಕದ ಹಲಗೆಯಲ್ಲಿ ಅರವತ್ತು ಮೊಳೆ. ಒಂದೊಂದು ಮೊಳೆಗೆ ಒಂದೊಂದು ತಗಡಿನ ಬಿಲ್ಲೆ; ಹಾಲಿನ ಪುಡಿಯ ಡಬ್ಬಿಯ ಮುಚ್ಚಳ ಕತ್ತರಿಸಿ, ಅಂಕಿ ಕುಟ್ಟಿ, ಡಾಕ್ಟರರೇ ಮಾಡಿದ್ದು. ಬಂದವರು ನಾಗಿಯ ಕೈಯಿಂದ ಬಿಲ್ಲೆ ತೆಗೆದುಕೊಂಡು ಬೆಂಚಿನ ಮೇಲೆ ಕೂರಬೇಕು. ನಂಬರು ಕರೆದಾಗ ಬಿಲ್ಲೆ ಕೊಟ್ಟು ಒಳಗೆ ಹೋಗಬೇಕು. ತಹಸೀಲ್ದಾರರು ಕೂತಿದ್ದಾರೆ, ಡಿವೈಎಸ್ಪಿ ಕೂತಿದ್ದಾರೆ, ಪಕ್ಕದಲ್ಲಿ ಸೊಪ್ಪಿನ ಹೊರೆ ಹೊತ್ತವನೂ ಕೂತಿದ್ದಾನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇದು 'ಬೆಂಚಿನ ಆಸ್ಪತ್ರೆ'.

ಮೊದಲ ಬಸ್ಸುಗಳಿಗೆ ಬಂದ ಜನ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಂಗಳದಲ್ಲಿ ಗುಂಪಾಗಿದ್ದರು. ಸಿದ್ದಾಪುರದ ಕಡೆಯ ಮುದುಕಿ ದೇವಿ, ಹತ್ತು ವರ್ಷದಿಂದ ಮಂಡಿನೋವಿಗೆ ಬರುತ್ತಿದ್ದವಳು, ಮೆಟ್ಟಿಲು ಹತ್ತಿ ಕೈಚಾಚಿದಳು.

"ನಾಗೀ, ಟೋಕನ್ ಕೊಡೆ."

"ಎಂತ ಟೋಕನ್? ಡಾಕ್ಟ್ರು ಸತ್ತು ಮಲಗಿದಾರೆ. ಗೊತ್ತಿಲ್ವಾ?"

"ಗೊತ್ತದೆ. ಹಂಗಂತ ನುಗ್ಗೂದಾ?"

ನಾಗಿ ಮುದುಕಿಯನ್ನೇ ನೋಡಿದಳು. ಆಮೇಲೆ ಒಂದನೆಯ ಬಿಲ್ಲೆ ತೆಗೆದು ಅವಳ ಕೈಯಲ್ಲಿಟ್ಟಳು. ಅಂಗಳದ ಗುಂಪು ತಾನೇ ತಾನಾಗಿ ಸಾಲಾಯಿತು.

ಸುಭಾಷ ಫೋನು ಕೆಳಗಿಳಿಸಿದ. "ನಾಗಿ, ಇದೆಂತ ಹುಡುಗಾಟ? ಸತ್ತವರನ್ನ ನೋಡೋಕೆ ಟೋಕನ್ನಾ?"

"ಲಂಡನ್ನಿಂದ ಅವರ ತಂಗಿ ಮಗಳು ಎಂತ ಹೇಳಿದ್ಲು ಫೋನಲ್ಲಿ? ನಿಮ್ಮಲ್ಲಿಯ ಪದ್ಧತಿ ಹಾಂಗೇ ಮಾಡಿ ಅಂದ್ಲು. ಇಲ್ಲಿಯ ಪದ್ಧತಿ ಇದೇಯ, ಹೆಗಡೇರೆ."

ಸಾಲು ಮುಂದೆ ಹೋಯಿತು. ಹದಿನಾರರ ನಂತರ ಬನವಾಸಿ ಕಡೆಯ ಚನ್ನಯ್ಯನಿಗೆ ಹದಿನೆಂಟು ಸಿಕ್ಕಿತು. ಅವನ ಹಿಂದಿದ್ದ ಹೊಸಬಳೊಬ್ಬಳು ಹಲಗೆಯಲ್ಲಿ ತುಕ್ಕು ಹಿಡಿದಿದ್ದ ಮೊಳೆ ತೋರಿಸಿ, ಹದಿನೇಳು ಎಲ್ಲಿ ಎಂದು ಕೇಳಿದಳು.

"ಹದಿನೇಳು ಇಲ್ಲವ್ವಾ ಇಲ್ಲಿ," ಚನ್ನಯ್ಯ ತಿಳಿದವನಂತೆ ಹೇಳಿದ. "ಇಂಗ್ಲೀಷರಿಗೆ ಹದಿನೇಳು ಆಗಿಬರಂಗಿಲ್ಲಂತ. ಇವರ ತಾಯಿ ಹದಿನೇಳನೇ ತಾರೀಖಿಗೆ ಹೋದ್ಲಂತ. ಅದಕ್ಕ ಆ ನಂಬರ್ ತೆಗೆಸ್ಯಾರ."

ಈ ಕತೆಯನ್ನು ನಾಗಿ ನೂರಾರು ಸಲ ಕೇಳಿದ್ದಳು. ಒಮ್ಮೆಯೂ ತಿದ್ದಿರಲಿಲ್ಲ. ಹದಿನೇಳು ಅವಳ ಸೊಂಟದ ಎಲೆಚೀಲದಲ್ಲಿತ್ತು.

ಹೆಣವನ್ನು ತಪಾಸಣೆಯ ಕೋಣೆಯಲ್ಲೇ, ಡಾಕ್ಟರರು ರೋಗಿಗಳನ್ನು ಮಲಗಿಸಿ ಪರೀಕ್ಷೆ ಮಾಡುತ್ತಿದ್ದ ಮಂಚದ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ರೋಗಿಯ ಸ್ಟೂಲು ಇದ್ದಲ್ಲೇ ಇತ್ತು. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಒಬ್ಬೊಬ್ಬರೇ ಒಳಗೆ ಹೋಗಿ, ಹೂ ಹಾಕಿ, ಏನು ಮಾಡಬೇಕೆಂದು ತೋಚದೆ ಸ್ಟೂಲಿನ ಮೇಲೆ ಕೂತರು. ದೇವಿ ಸೀರೆ ಮೇಲೆ ಸರಿಸಿ ಮಂಡಿ ತೋರಿಸಿ, "ಮುಲಾಮು ಮುಗೀತು ಡಾಕ್ಟ್ರೆ," ಎಂದು ಅತ್ತಳು. ಯಾರೂ ನಗಲಿಲ್ಲ.

ಹನ್ನೆರಡು ಜನ ಆದಾಗ ಸುಭಾಷ ಓಡಿಬಂದ.

"ಸಾಲು ನಿಲ್ಸು. ಮಂತ್ರಿಗಳು ಯಲ್ಲಾಪುರಕ್ಕೆ ಬಂದಾಯ್ತು. ಕೋಣೆ ಸ್ವಚ್ಛ ಮಾಡಿ ಇಡಬೇಕು, ಟೀವಿಯವರು ಬರ್ತಾರೆ. ಅವರ ದರ್ಶನ ಆದಮೇಲೆ ಉಳಿದವರು."

"ಮೂರಕ್ಕೆ ಎತ್ತೂದಲ್ವಾ ಹೆಣವ? ಶಿರಸಿಯ ಕ್ರಿಶ್ಚನ್ನರ ಸ್ಮಶಾನಕ್ಕೆ ನಾಲ್ಕಕ್ಕೆ ಬರ್ತೇವೆ ಅಂತ ಪಾದ್ರಿಗಳಿಗೆ ನೀವೇ ಹೇಳಿದ್ದು. ಇನ್ನೂ ನಲವತ್ತಾರು ಜನ ಕೂತಿದಾರೆ. ಅವ್ರು ನೋಡೂದು ಯಾವಾಗ?"

"ಸಮಯ ಸಿಕ್ಕಷ್ಟು ಜನ ನೋಡ್ತಾರೆ."

ನಾಗಿಯ ಕಣ್ಣು ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. "ಹದಿನಾರರ ತನಕ ಬಿಡ್ತೆ. ನಾಲ್ಕೇ ಜನ."

"ಎಂತಕ್ಕೆ ಹದಿನಾರು?"

"ಹದಿನಾರಕ್ಕೆ ನಿಲ್ಸಿ ಅಭ್ಯಾಸ ಅದೆ ಈ ಆಸ್ಪತ್ರೆಗೆ."

ಸುಭಾಷನಿಗೆ ಅರ್ಥವಾಗಲಿಲ್ಲ. ಹದಿನಾರನೆಯವನು ಹೊರಬಂದೊಡನೆ ಬಾಗಿಲೆಳೆದು, ಜಗಲಿಯ ಮೈಕಿನಲ್ಲಿ ಶುರುಮಾಡಿದ. "ಬಂಧುಗಳೇ, ಆಸ್ಪತ್ರೆ ತೆರೆದ ಮೊಟ್ಟಮೊದಲ ದಿನದಿಂದಲೂ ಡಾಕ್ಟರ್ ಮಾರ್ಲೆಂಡ್ ಅವರು ಬಡವ ಬಲ್ಲಿದ ಎಂಬ ಭೇದ ಮಾಡಿದವರಲ್ಲ. ಒಂದೇ ಒಂದು ದಿನವೂ ಈ ಸರದಿಯನ್ನು ಮುರಿದವರಲ್ಲ..."

ಸುಳ್ಳು. ಹಸೀ ಸುಳ್ಳು. ನಾಗಿ ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.

*

ತೊಂಬತ್ತಮೂರನೆಯ ಇಸವಿಯ ಫೆಬ್ರವರಿ. ಗೇರಜಡ್ಡಿಯ ಹುಚ್ಚ ಎಂಬವನು ಕಾಡಿನಲ್ಲಿ ತರಗೆಲೆ ಗುಡಿಸಿ ಬಂದು ಜ್ವರ ಹಿಡಿದು ಮಲಗಿದ. ಐದು ದಿನ ಕಳೆದರೂ ಬಿಡಲಿಲ್ಲ. ಆರನೆಯ ದಿನ ಹೆಂಡತಿ ನಾಗಿ ಅವನನ್ನು ಬೆಳಗಿನ ಬಸ್ಸಿನಲ್ಲಿ ಕೂರಿಸಿಕೊಂಡು ಬಂದಳು. ಸಿಕ್ಕಿದ್ದು ಹದಿನೇಳು.

ಆಗ ಆಸ್ಪತ್ರೆಗೆ ಎರಡು ಬಾಗಿಲು. ಮುಂದಿನದು ಬೆಂಚಿನವರಿಗೆ. ಹಿಂದಿನದು ಜೀಪಿನಲ್ಲಿ ಬರುವವರಿಗೆ. ಅವರಿಗೆ ಬಿಲ್ಲೆಯೂ ಇಲ್ಲ, ಬೆಂಚೂ ಇಲ್ಲ.

ಹದಿನಾರನೆಯವಳು ಒಳಗೆ ಹೋಗಿ ಬಂದಳು. ಹುಚ್ಚ ಎದ್ದು ನಿಂತ. ಬಾಗಿಲು ತೆರೆಯಲಿಲ್ಲ. ಹಿಂದುಗಡೆ ಜೀಪು ಹೊರಟ ಸದ್ದು ಕೇಳಿತು. ಒಳಗಿನಿಂದ ಕಾಂಪೌಂಡರ್ ಬಂದು, ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡ ದೊಡ್ಡವರೊಬ್ಬರಿಗೆ ಎದೆನೋವಂತೆ, ಡಾಕ್ಟ್ರು ಅರ್ಧ ಗಂಟೆಯಲ್ಲಿ ಬರ್ತಾರೆ, ಕೂತಿರಿ ಎಂದ.

ಹುಚ್ಚ ಕೂತ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. "ತಲೆ ಒಡೀತದೆ ನಾಗಿ," ಎಂದ. ಒಸಡಿನಿಂದ ರಕ್ತ ಬರತೊಡಗಿತು. ನಾಗಿ ಸೆರಗಿನಿಂದ ಒರೆಸಿದಳು. ಕಾಂಪೌಂಡರ್ ನೀರು ಕೊಟ್ಟ, ಗುಳಿಗೆ ಕೊಟ್ಟ, ರಸ್ತೆಯವರೆಗೆ ಓಡಿಹೋಗಿ ನೋಡಿ ಬಂದ. ಮಧ್ಯಾಹ್ನ ಒಂದೂವರೆಗೆ ಹುಚ್ಚನ ಕೈಕಾಲು ಸೆಟೆದುಕೊಂಡವು. ಬೆಂಚಿನವರೆಲ್ಲ ಎದ್ದು ಅವನನ್ನು ಉದ್ದಕ್ಕೆ ಮಲಗಿಸಿದರು. ಅವನು ಮತ್ತೆ ಏಳಲಿಲ್ಲ.

ಎರಡು ಗಂಟೆಗೆ ಹಿಂದಿನ ಬಾಗಿಲಿನಿಂದ ಡಾಕ್ಟರರು ಬಂದರು. ಜಗಲಿಯಲ್ಲಿ ಏನಾಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಕೈ ತೊಳೆದುಕೊಂಡು, ಮುಂದಿನ ಬಾಗಿಲನ್ನು ತುಸು ತೆರೆದು, ಪುಸ್ತಕದ ಹಾಗೆ ಸ್ಪಷ್ಟವಾದ ತಮ್ಮ ಕನ್ನಡದಲ್ಲಿ ಕರೆದರು. "ಹದಿನೇಳು."

ಬೆಂಚಿನವರು ನಾಗಿಯತ್ತ ತಿರುಗಿದರು.

"ಹದಿನೇಳು," ಎಂದು ಇನ್ನೊಮ್ಮೆ ಕರೆದರು.

ಮೂರು ಸಲ ಕರೆಯಬೇಕೆಂಬುದು ಆಸ್ಪತ್ರೆಯ ಕ್ರಮ. ಎರಡು ಸಲ ನಂಬರು. ಮೂರನೆಯ ಸಲ ನಂಬರಿನ ಜೊತೆ ಹೆಸರು, ಊರು. ಮೂರನೆಯ ಕರೆ ಅವರ ಬಾಯಲ್ಲೇ ಉಳಿಯಿತು. ಬೆಂಚಿನ ಮೇಲಿದ್ದದ್ದು ಕಂಡಿತ್ತು.

ಬಿಲ್ಲೆ ಹುಚ್ಚನ ಮುಷ್ಟಿಯಲ್ಲಿತ್ತು. ಬೆರಳು ಒಂದೊಂದಾಗಿ ಬಿಡಿಸಿ ನಾಗಿ ಅದನ್ನು ತೆಗೆದುಕೊಂಡಳು. ತಿರುಗಿ ಕೊಡಲಿಲ್ಲ.

*

ಒಂದು ಗಂಟೆಯಾದರೂ ಮಂತ್ರಿ ಬರಲಿಲ್ಲ. ಬೆಂಚಿನಲ್ಲಿ ಜಾಗ ಸಾಲದೆ ಜನ ಅಂಗಳದ ಬಿಸಿಲಿಗೆ ಕೂತಿದ್ದರು. ಸುಭಾಷ ಫೋನಿನಲ್ಲಿ ಯಾರೊಡನೆಯೋ ನಗುನಗುತ್ತ ತನ್ನ ಹವ್ಯಕ ಮಾತಿನಲ್ಲಿ ಮಾತಾಡುತ್ತಿದ್ದ.

"ಹಾಂ, ಆನೇ ಮಾತಾಡ್ತಾ ಇದ್ದಿ. ಮಂತ್ರಿಗಳು ಊಟಕ್ಕೆ ಕೂತಿದ್ವಡಾ? ತೊಂದ್ರೆ ಇಲ್ಲೆ, ಎಂತೂ ತೊಂದ್ರೆ ಇಲ್ಲೆ. ಆರಾಮಾಗಿ ಬರ್ಲಿ. ಎಂಗ ಕಾಯ್ತ್ಯ."

ಊಟ ಎಂಬ ಮಾತು ಕಿವಿಗೆ ಬಿದ್ದದ್ದೇ ನಾಗಿ ಬಾಗಿಲ ಬಳಿಯಿಂದ ಸರಿದು ಆಸ್ಪತ್ರೆಯ ಹಿಂದಕ್ಕೆ ಹೋದಳು. ಅಲ್ಲಿ ಮುಕ್ತಾರ್ ಹಳೆಯ ಜೀಪಿಗೆ ಒರಗಿ ಕೂತಿದ್ದ. ಶಿರಸಿಯ ಲಾರಿ ಓಡಿಸುವ ಮನೆತನದವನು, ನಲವತ್ತು ವರ್ಷ ಡಾಕ್ಟರರ ಗಾಡಿ ಓಡಿಸಿದವನು. ಅವನೆದುರಿನ ಗೋಡೆಯಲ್ಲಿ ಬಾಗಿಲಿನ ಆಕಾರಕ್ಕೆ ಇಟ್ಟಿಗೆ ತುಂಬಿದ ಗುರುತು. ಹುಚ್ಚ ಸತ್ತ ಹದಿನೈದು ದಿನದಲ್ಲಿ ಡಾಕ್ಟರರು ಆ ಬಾಗಿಲನ್ನು ಕಟ್ಟಿಸಿಬಿಟ್ಟಿದ್ದರು. ಹಾವು ಬರುತ್ತಿತ್ತು, ಅದಕ್ಕೆ ಮುಚ್ಚಿಸಿದರು ಎನ್ನುತ್ತಾರೆ ಜನ.

"ಅವತ್ತೂ ಊಟಕ್ಕೇ ಕೂರ್ಸಿದ್ರು ಅಲ್ದಾ, ಮುಕ್ತಾರಣ್ಣ?" ನಾಗಿ ಕೇಳಿದಳು.

ಮುಕ್ತಾರ್ ತಲೆ ಎತ್ತಲಿಲ್ಲ. "ಬಿಡು ನಾಗಿ. ಎಷ್ಟು ಸಲ ಹೇಳಿಸ್ತಿ."

"ಹೇಳು ಇನ್ನೊಂದ್ಸಲ."

"ಎದೆನೋವೂ ಇಲ್ಲ, ಎಂಥದೂ ಇಲ್ಲ. ಎದೆ ಉರೀತಿತ್ತು ಆ ಮನುಷ್ಯಂಗೆ, ಮೀನು ತಿಂದು. ಹತ್ತು ನಿಮಿಷದ ಕೆಲಸ. ಆಮೇಲೆ ಊಟ ಮಾಡೇ ಹೋಗ್ಬೇಕು ಅಂತ ಕೂರ್ಸ್ಕೊಂಡ್ರು. ಡಾಕ್ಟ್ರ ಪರ್ಮಿಟ್ಟು ಮುಗೀಲಿಕ್ಕೆ ಬಂದಿತ್ತು. ಆ ಕಾಗದಕ್ಕೆ ಆ ಮನುಷ್ಯಂದು ಒಂದು ಮಾತು ಬೇಕಿತ್ತು. ಇಲ್ದಿದ್ರೆ ದೇಶ ಬಿಟ್ಟು ಹೋಗ್ಬೇಕಿತ್ತು ಅವ್ರು. ಎದ್ದು ಬರೋಕೆ ಆಗ್ಲಿಲ್ಲ. ನಾ ಎರಡು ಸಲ ಹಾರ್ನ್ ಹೊಡ್ದೆ."

"ದೇಶ ಬಿಟ್ಟು ಹೋಗ್ಬೇಕಿತ್ತು. ಹೋಗ್ಲಿಲ್ಲ. ಹೋಗಿದ್ದು ಯಾರು?"

"ಅವ್ರು ಮುಂಚೆ ನೋಡಿದ್ರೂ ಹುಚ್ಚ ಉಳೀತಿದ್ನೋ ಇಲ್ವೋ, ಅಲ್ಲಾಗೇ ಗೊತ್ತು. ಆ ಜ್ವರಕ್ಕೆ ಔಷಧ ಇಲ್ಲ, ನಿಂಗೂ ಗೊತ್ತದೆ."

"ಗೊತ್ತದೆ. ಉಳೀದೇ ಇರ್ತಿದ್ದ. ಆದ್ರೆ ಬೆಂಚಿನ ಮೇಲೆ ಸಾಯ್ತಿರ್ಲಿಲ್ಲ. ಒಳಗೆ, ಅವರ ಕೈಯಲ್ಲಿ ಸಾಯ್ತಿದ್ದ. ಅಷ್ಟೂ ಸಿಗ್ಲಿಲ್ಲ ಅವಂಗೆ."

"ಇವತ್ತು ಬ್ಯಾಡ ನಾಗಿ. ಮಯ್ಯತ್ ಮನೆ ಇದು, ಸಾವಿನ ಮನೆ. ಹೋದವರ ಮೇಲೆ ಸಿಟ್ಟು ಇಟ್ಕೋಬಾರ್ದು."

ಇಟ್ಟುಕೊಳ್ಳಬಾರದು ನಿಜ. ಆದರೆ ನಾಗಿಗೆ ಸಿಟ್ಟು ಇತ್ತು. ಊಟಕ್ಕೆ ಕೂತವರ ಮೇಲೆ, ಕೂರಿಸಿದವರ ಮೇಲೆ, ಮೈಕು ಹಿಡಿದವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಒಳಗೆ ತಣ್ಣಗೆ ಮಲಗಿದ ಆ ಮುದುಕನ ಮೇಲೆ. ಮೂರೂ ತಾಲೂಕಿನಲ್ಲಿ ಅವಳನ್ನು 'ನೀವು' ಎಂದು ಕರೆದವರು ಅವರೊಬ್ಬರೇ. ಅದಕ್ಕೂ ಅವಳಿಗೆ ಸಿಟ್ಟಿತ್ತು. ಪೂರ್ತಿ ದ್ವೇಷಿಸಲೂ ಬಿಡದೆ ಹೋಗಿಬಿಟ್ಟರಲ್ಲ ಎಂದು.

*

ಹುಚ್ಚನ ತಿಥಿ ಮುಗಿಯುವ ಮೊದಲೇ ಅವರು ಗೇರಜಡ್ಡಿಗೆ ಬಂದು ಕೆಲಸಕ್ಕೆ ಕರೆದಿದ್ದರು. "ಬಾಗಿಲಿನಲ್ಲಿ ನೀವು ನಿಲ್ಲಬೇಕು. ನನ್ನನ್ನೂ ಸೇರಿಸಿ ಯಾರನ್ನೂ ನಂಬಬೇಡಿ," ಎಂದಿದ್ದರು. ತಪ್ಪಾಯಿತು ಎನ್ನಲಿಲ್ಲ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು, ನಾಗಿ ಬಂದಳು. ಬಂದದ್ದು ಹೊಟ್ಟೆಪಾಡಿಗೆ ಮಾತ್ರವಲ್ಲ. ಇಟ್ಟಿಗೆ ತುಂಬಿದ ಆ ಬಾಗಿಲು ಮತ್ತೆ ತೆರೆಯದ ಹಾಗೆ ಕಾಯಬೇಕಿತ್ತು. ಡಾಕ್ಟರರೂ ಮಾತಿಗೆ ತಪ್ಪಲಿಲ್ಲ. ಪರ್ಮಿಟ್ಟು ಕೊಡುವ ಅಧಿಕಾರಿ ಕೆಮ್ಮಿಕೊಂಡು ಬಂದರೂ ನಲವತ್ತೊಂದನೆಯವನಾಗಿ ಕೂತ.

ಹದಿಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ, ಲಂಡನ್ನಿನವರು ಅವರಿಗೆ ಪದಕ ಕೊಟ್ಟರು ಎಂದು ಎಲ್ಲರೂ ಸಿಹಿ ಹಂಚುತ್ತಿದ್ದಾಗ, ಡಾಕ್ಟರರು ನಾಗಿಯನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬೆಂಚಿನ ಫೋಟೋ ಇತ್ತು. ಅದರ ಕೆಳಗೆ ತಾವು ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿ ಓದಿದರು. "'ಒಬ್ಬ ರೋಗಿ ಕಾಯುತ್ತಿರುವಾಗಲೇ ತೀರಿಕೊಂಡನು. ಅಂದಿನಿಂದ ನಾವು ಸರದಿಯನ್ನು ಯಾರಿಗಾಗಿಯೂ ಮುರಿಯಲಿಲ್ಲ.'"

"ಯಾರನ್ನ ಕಾಯ್ತಿದ್ದ ಅಂತ ಬರ್ದೀರಾ?" ನಾಗಿ ಕೇಳಿದಳು. "ಡಾಕ್ಟ್ರು ಎಲ್ಲಿ ಹೋಗಿದ್ರು ಅಂತ?"

ಅವರು ಪತ್ರಿಕೆಯನ್ನೇ ನೋಡುತ್ತಿದ್ದರು.

"ಹೋಗ್ಲಿ. ಅವನ ಹೆಸರಾದ್ರೂ ಅದ್ಯಾ?"

"ರೋಗಿಯ ಹೆಸರನ್ನು ಬರೆಯುವ ಹಾಗಿಲ್ಲ, ನಾಗಿಯವರೆ. ಅದು ವೈದ್ಯರ ನಿಯಮ."

"ನಿಯಮ ಎಲ್ಲ ನಿಮ್ದೇಯ. ಸಾಯೂದು ಮಾತ್ರ ನಮ್ದು."

ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹದಿನೇಳನೆಯ ಬಿಲ್ಲೆ ಎಲ್ಲಿದೆ?" ಎಂದು ಕೇಳಿದರು.

"ಕಳ್ದೋಯ್ತು."

"ಇನ್ನೊಂದನ್ನು ಮಾಡಲೇ?"

"ಮಾಡಿ ನೋಡಿ."

ಅವರು ಮಾಡಲಿಲ್ಲ. ಸಾಯುವವರೆಗೂ ಆ ಮೊಳೆ ಹಾಗೇ ಇತ್ತು. ಅವರೂ ಯಾರಿಗೂ ಕಾರಣ ಹೇಳಲಿಲ್ಲ.

*

ಎರಡು ಗಂಟೆ ದಾಟಿದ ಮೇಲೆ ಐದು ಕಾರು ಒಟ್ಟಿಗೆ ಅಂಗಳಕ್ಕೆ ನುಗ್ಗಿದವು. ಬಿಸಿಲಿನಲ್ಲಿ ಕೂತಿದ್ದವರು ಎದ್ದು ಚೆಲ್ಲಾಪಿಲ್ಲಿಯಾದರು. ಮಂತ್ರಿ ಇಳಿದರು. ಸುಭಾಷ ಬೆನ್ನು ಬಗ್ಗಿಸಿಕೊಂಡು ಮುಂದೆ ಮುಂದೆ ಬಂದ. ಟೀವಿಯ ಇಬ್ಬರು ಕ್ಯಾಮೆರಾ ಹೊತ್ತು ಹಿಂದಿನಿಂದ ಓಡಿದರು.

ನಾಗಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಸುತ್ತಿಗೆ ಇನ್ನೂ ಕೈಯಲ್ಲಿತ್ತು.

"ಸರಿ ಆಚೆಗೆ," ಸುಭಾಷ ಹಲ್ಲು ಕಚ್ಚಿ ಹೇಳಿದ.

"ಟೋಕನ್?"

"ನಾಗೀ!"

"ಐವತ್ತೊಂಬತ್ತರ ತನಕ ಕೊಟ್ಟಾಯ್ತು. ಒಂದೇ ಒಂದು ಉಳ್ದದೆ. ಇವ್ರಿಗೆ ಕೊಡ್ತೆ." ಕೊನೆಯ ಮೊಳೆಯಿಂದ ಅರವತ್ತನೆಯ ಬಿಲ್ಲೆ ತೆಗೆದು ಮಂತ್ರಿಯತ್ತ ಚಾಚಿದಳು.

"ಸರ್, ಇವಳಿಗೆ ಡಾಕ್ಟ್ರು ಹೋದ ದುಃಖಕ್ಕೆ ತಲೆ ಸರಿ ಇಲ್ಲ," ಎಂದ ಸುಭಾಷ. ನಾಗಿಯ ರಟ್ಟೆ ಹಿಡಿದು ಎಳೆಯಲು ಕೈಹಾಕಿದ.

ಬೆಂಚಿನಿಂದ ಚನ್ನಯ್ಯ ಎದ್ದ. "ಕೈ ತೆಗೀರಿ ಹೆಗಡೇರ. ಮುಂಜಾನಿಂದ ಕುಂತೀವಿ ನಾವು. ನಮ್ಮ ಪಾಳಿ ಐತ್ರಿ." ಅಂಗೈಯ ಬಿಲ್ಲೆಯನ್ನು ಎತ್ತಿ ತೋರಿಸಿದ. ಅವನ ಹಿಂದೆ ಬೆಂಚಿಗೆ ಬೆಂಚೇ ಎದ್ದು ನಿಂತಿತು. ಅಂಗಳದವರೂ ಬಂದರು. ಎಲ್ಲರ ಕೈಯಲ್ಲೂ ತಗಡು.

ಕ್ಯಾಮೆರಾದ ಕೆಂಪು ದೀಪ ಹತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ನೋಡಿದವರು ಮಂತ್ರಿಯೇ. ಮುಖ ಅರಳಿಸಿಕೊಂಡು, "ಇರಲಿ, ಇರಲಿ. ಡಾಕ್ಟರರ ಆದರ್ಶ ನಮಗೂ ಆದರ್ಶವೇ," ಎಂದು ಬಿಲ್ಲೆ ತೆಗೆದುಕೊಂಡು ಬೆಂಚಿನ ತುದಿಯಲ್ಲಿ ಕೂತರು. ಕ್ಯಾಮೆರಾದವನು ಮೊಣಕಾಲೂರಿ ಅವರನ್ನು ತೆಗೆದ. ಎರಡು ನಿಮಿಷದ ಚಿತ್ರ ಸಿಕ್ಕ ಮೇಲೆ ತಮ್ಮನ್ನು ಒಳಗೆ ಕರೆಯುತ್ತಾರೆಂದು ಅವರು ತಿಳಿದಿದ್ದರು. ಸುಭಾಷನೂ ಹಾಗೇ ತಿಳಿದು, ಬೆವರು ಒರೆಸಿಕೊಂಡು ಮೈಕು ಕೈಗೆತ್ತಿಕೊಂಡ. "ನೋಡಿ ಬಂಧುಗಳೇ, ಒಂದೇ ಒಂದು ದಿನವೂ ಮುರಿಯದ ಸರದಿ..."

ನಾಗಿ ಸುತ್ತಿಗೆಯನ್ನು ಕೆಳಗಿಟ್ಟಳು. ಅವನ ಕೈಯಿಂದ ಮೈಕು ತೆಗೆದುಕೊಂಡಳು.

ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. ಮಂಚ ಕಾಣಿಸಿತು, ಬಿಳಿಯ ಮುದುಕನ ಮೂಗು ಕಾಣಿಸಿತು, ಪಕ್ಕದಲ್ಲಿ ಖಾಲಿ ಸ್ಟೂಲು ಕಾಣಿಸಿತು. ಚನ್ನಯ್ಯ ತನ್ನ ಪಾಳಿ ಬಂತೆಂದು ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟ. ನಾಗಿ ಕೈ ಅಡ್ಡ ತೋರಿಸಿದಳು.

"ನಿಂದು ಆಮೇಲೆ. ಹದಿನೇಳು ಆಗ್ಬೇಕು ಮೊದ್ಲು."

"ಹದಿನೇಳು ಇಲ್ಲಲ್ಲ ನಾಗಕ್ಕಾ..."

"ಅದೆ."

ಎರಡು ಸಲ ಡಾಕ್ಟರರು ಕರೆದಾಗಿತ್ತು. ಮೂರನೆಯದು ಬಾಕಿ ಇತ್ತು. ನಾಗಿ ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು.

"ಹದಿನೇಳು. ಹುಚ್ಚ ತಿಮ್ಮ ನಾಯ್ಕ, ಗೇರಜಡ್ಡಿ."

ದನಿ ಮಾವಿನ ಮರದ ಸ್ಪೀಕರಿನಿಂದ ರಸ್ತೆಯವರೆಗೂ ಹೋಯಿತು. ಜನ ತಿರುಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಎದ್ದು ಬರುತ್ತಾರೇನೋ ಎಂದು ಅಂಗಳದತ್ತ ಕತ್ತು ಚಾಚಿದರು. ಆಸ್ಪತ್ರೆಯ ಹಿಂದಿನಿಂದ ಮುಕ್ತಾರ್ ಬಂದ. ತಲೆಗೆ ಕರವಸ್ತ್ರ ಕಟ್ಟಿಕೊಂಡು, ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತ.

"ಯಾರು ಹುಚ್ಚ?" ಮಂತ್ರಿ ಮೆಲ್ಲಗೆ ಕೇಳಿದರು. ಸುಭಾಷನಿಗೆ ಗೊತ್ತಿರಲಿಲ್ಲ.

ಮೂರನೆಯ ಸಲ ಕರೆದ ಮೇಲೆ ಸ್ವಲ್ಪ ಕಾಯಬೇಕು. ಹಿಂದಿನ ನಲ್ಲಿಗೆ ಹೋದವನು ಬಾಯಿ ಒರೆಸಿಕೊಂಡು ಬರುವಷ್ಟು ಹೊತ್ತು. ನಾಗಿ ಕಾದಳು. ಮಂತ್ರಿ ವಾಚು ನೋಡಿಕೊಂಡರು. ಅವಳು ಇನ್ನೂ ಕಾದಳು. ಒಬ್ಬ ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕಾಡಿಗೆ ಯಾವಾಗ ಹೋಗಿದ್ದಿರಿ ಎಂದು ಕೇಳಿ, ನಾಲಿಗೆ ನೋಡಿ, ಕೈಹಿಡಿದು ನಾಡಿ ಎಣಿಸುವಷ್ಟು ಹೊತ್ತು ಬಾಗಿಲನ್ನು ಹಾಗೇ ತೆರೆದಿಟ್ಟುಕೊಂಡು ನಿಂತಳು. ಆ ಹೊತ್ತಿನಲ್ಲಿ ಯಾರೂ ಒಳಗೆ ಹೋಗಲಿಲ್ಲ.

ಆಮೇಲೆ ಎಲೆಚೀಲ ಬಿಚ್ಚಿ, ಸುಣ್ಣ ಅಡಿಕೆಯ ಕಲೆ ಹತ್ತಿ ಕಪ್ಪಾದ ಬಿಲ್ಲೆಯೊಂದನ್ನು ತೆಗೆದು, ಹಲಗೆಯ ಹದಿನೇಳನೆಯ ಮೊಳೆಗೆ ಹಾಕಿದಳು. ತುಕ್ಕು ಹಿಡಿದ ಮೊಳೆಗೆ ಅದು ಸಲೀಸಾಗಿ ಇಳಿಯಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಬುಡದವರೆಗೂ ಕೂರಿಸಿದಳು. ಬೆರಳಿಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡಳು.

"ಹದಿನೆಂಟು," ಎಂದಳು.